ತಾಮ್ರದಲ್ಲಿ ಉಳಿದ ಒಂದು ವರ್ಷ

ಥಾಣೆಯ ಸೆಂಟ್ರಲ್ ಜೈಲಿನ ಎದುರು ನಿಂತು ನೋಡಿದರೆ ಅದು ಜೈಲಾಗುವ ಮೊದಲು ಕೋಟೆಯಾಗಿತ್ತು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥ ದಪ್ಪ ಕಲ್ಲಿನ ಗೋಡೆ. ಪೋರ್ಚುಗೀಸರು ಕಟ್ಟಲು ತೊಡಗಿದ್ದರು, ಮುಗಿಸುವ ಮೊದಲೇ 1737ರಲ್ಲಿ ಊರು ಮರಾಠರ ವಶವಾಯಿತು. 1774ರ ಡಿಸೆಂಬರಿನಲ್ಲಿ ಇಂಗ್ಲಿಷರು ಕಿತ್ತುಕೊಂಡರು. ಆಮೇಲೆ ಸೆರೆಮನೆ. ಹೊರಗೆ ಭೇಟಿಯ ಸರದಿಗೆ ಕಾದು ಕುಳಿತ ಹೆಂಗಸರಿಗೆ ಈ ಗೋಡೆಯ ಬುಡದಲ್ಲಿ ಒಂದು ರಾಜಮನೆತನದ ಆಸ್ತಿಪತ್ರ ಹೂತುಹೋಗಿತ್ತು ಎಂದು ಹೇಳಿ ಪ್ರಯೋಜನವಿಲ್ಲ, ಅವರ ಚಿಂತೆ ಅವರಿಗೆ. ಆದರೆ ಅದು ಹೂತಿದ್ದುದು ನಿಜ. 1787ರಲ್ಲಿ ಕೋಟೆಯ ಹೊಸ ಕಾಮಗಾರಿಗೆ ಪಾಯ ತೋಡುವಾಗ ತಾಮ್ರದ ಹಲಗೆಗಳು ಸಿಕ್ಕವು. ಜನರಲ್ ಕಾರ್ನಾಕ್ ಎಂಬವನು ಅವನ್ನು ಕಲಕತ್ತೆಯ ವಿದ್ವಾಂಸರಿಗೆ ಮುಟ್ಟಿಸಿದ. ಮರುವರ್ಷ ‘ಏಷ್ಯಾಟಿಕ್ ರಿಸರ್ಚಸ್’ನ ಮೊದಲ ಸಂಪುಟದಲ್ಲೇ ಅದರ ಅನುವಾದ ಅಚ್ಚಾಯಿತು. 1017ನೇ ಇಸವಿಯ ದಾನಪತ್ರ ಅದು. ಕೊಟ್ಟವನು ಶಿಲಾಹಾರ ಅರಿಕೇಸರಿ. ಸ್ಥಾನಕ ಎಂದು ಕರೆಸಿಕೊಳ್ಳುತ್ತಿದ್ದ ಇದೇ ಥಾಣೆ ಅವನ ರಾಜಧಾನಿ.

ರಾಜಮನೆತನಗಳ ಕೊಲೆಸುಲಿಗೆಯ ಮಾತು ಬಂದರೆ ಎಲ್ಲರಿಗೂ ನೆನಪಾಗುವುದು ರೋಮ್. ಕ್ಲಾಡಿಯಸ್ ಚಕ್ರವರ್ತಿ ಕ್ರಿಸ್ತಶಕ 54ರಲ್ಲಿ ಸತ್ತ, ಹೆಂಡತಿ ಅಗ್ರಿಪ್ಪಿನಾ ಅಣಬೆಯಲ್ಲಿ ವಿಷವಿಟ್ಟಳು ಎಂಬ ಮಾತು ಹುಟ್ಟಿತು. ಮರುವರ್ಷ ಅವನ ಸ್ವಂತ ಮಗ ಬ್ರಿಟಾನಿಕಸ್ ಊಟದ ಪಂಕ್ತಿಯಲ್ಲೇ ಕುಸಿದ. ಯಾವ ಮಗನಿಗಾಗಿ ಅಗ್ರಿಪ್ಪಿನಾ ಇಷ್ಟೆಲ್ಲ ಮಾಡಿದಳೋ ಆ ನೀರೋ 59ರಲ್ಲಿ ಅವಳನ್ನೇ ಮುಗಿಸಿದ. ಇದೆಲ್ಲ ನಮಗೆ ಗೊತ್ತಿರುವುದು ಟ್ಯಾಸಿಟಸ್, ಸೂಟೋನಿಯಸ್ ಥರದವರು ಕೂತು ಬರೆದಿಟ್ಟದ್ದರಿಂದ. ನಮ್ಮ ಕಡೆ ಅಂಥವರು ಇರಲಿಲ್ಲ. ಹಾಗೆಂದು ನಮ್ಮ ಅರಮನೆಗಳಲ್ಲಿ ಅಣ್ಣತಮ್ಮಂದಿರು ರಾಮಲಕ್ಷ್ಮಣರಂತೆ ಇದ್ದರೆಂದು ಯಾರೂ ಎಣಿಸಬೇಕಿಲ್ಲ. ನಮ್ಮಲ್ಲಿ ಕೊಲೆಯ ಸುದ್ದಿ ಚರಿತ್ರೆಯ ಪುಸ್ತಕದಲ್ಲಿ ಸಿಗುವುದಿಲ್ಲ, ಜಮೀನಿನ ಕಾಗದದಲ್ಲಿ ಸಿಗುತ್ತದೆ.

ಕಲ್ಯಾಣ್, ಭಿವಂಡಿ ಕಡೆ ಜಾಗ ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಯಾವುದೇ ವ್ಯವಹಾರಕ್ಕೆ ಮೊದಲು ಕೇಳುವುದು ‘ಸಾತ್‌ಬಾರಾ’. ನಮ್ಮ ಕಡೆ ಪಹಣಿ ಎನ್ನುವಂಥದ್ದು. ಅದರ ಬೆನ್ನಿಗೆ ಹಕ್ಕು ಬದಲಾದ ಲೆಕ್ಕ ಹೇಳುವ ‘ಫೇರ್‌ಫಾರ್’. ಒಮ್ಮೆ ಸ್ನೇಹಿತರೊಬ್ಬರ ಜೊತೆ ಇಂಥ ಕಾಗದಗಳನ್ನು ಹರವಿಕೊಂಡು ಕೂತಿದ್ದೆ. ಐವರು ಮಕ್ಕಳಿದ್ದ ಮನೆ, ಕಾಗದದಲ್ಲಿ ನಾಲ್ಕೇ ಹೆಸರು. ಪಕ್ಕದಲ್ಲಿದ್ದ ಮುದುಕ ವಕೀಲರು ಕನ್ನಡಕ ಮೇಲಕ್ಕೇರಿಸಿ, “ಇರುವ ಹೆಸರು ಓದಬೇಡಿ ಸಾಹೇಬರೇ, ಇಲ್ಲದ್ದನ್ನು ಓದಿ” ಎಂದರು. ಹಳೆಯ ತಾಮ್ರಶಾಸನವೂ ಇಂಥದ್ದೇ ಒಂದು ಸಾತ್‌ಬಾರಾ. ಒಬ್ಬ ಅರಸ ಒಂದು ಹಳ್ಳಿಯನ್ನು ದೇವರಿಗೋ ಬ್ರಾಹ್ಮಣನಿಗೋ ಬರೆದುಕೊಡುತ್ತಾನೆ. ಕೊಡುವ ಹಕ್ಕು ತನಗೆ ಹೇಗೆ ಬಂತೆಂದು ತೋರಿಸಲು ಮೊದಲು ವಂಶಾವಳಿ. ಆಮೇಲೆ ಊರಿನ ಎಲ್ಲೆಗಳು. ಕೊನೆಗೆ, ಇದಕ್ಕೆ ಕೈಹಾಕಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಬಿದ್ದಿರಲಿ ಎಂಬ ಶಾಪ. (ಉತ್ತರ ಕೊಂಕಣದ ಕಲ್ಲುಗಳಲ್ಲಿ ಈ ಶಾಪಕ್ಕೆ ಕತ್ತೆಯ ಚಿತ್ರವನ್ನೇ ಕೆತ್ತಿದ್ದಾರೆ, ‘ಗಧೇಗಾಳ’ ಎನ್ನುತ್ತಾರೆ. ಅದರಲ್ಲಿ ಏನಿದೆಯೆಂದು ಮಕ್ಕಳ ಎದುರು ವಿವರಿಸುವಂತಿಲ್ಲ.) ಕೊಲೆ ಅಡಗಿರುವುದು ಆ ಮೊದಲ ಭಾಗದಲ್ಲಿ, ವಂಶಾವಳಿಯ ಶ್ಲೋಕಗಳ ನಡುವೆ.

ಹಳೆಯ ಥಾಣೆ ಜಿಲ್ಲೆಯ ಮಣ್ಣಿನಲ್ಲಿ ಸಿಕ್ಕ ಇಂಥ ಮೂರು ತಾಮ್ರಪಟಗಳನ್ನು ಒಂದರ ಪಕ್ಕ ಒಂದು ಇಟ್ಟು ಓದಿದರೆ ನಮ್ಮ ಮಾನ್ಯಖೇಟದ ರಾಷ್ಟ್ರಕೂಟರ ಮನೆಯಲ್ಲಿ ನಡೆದ ಒಂದು ಸಾವಿನ ಕಥೆ ಮೆಲ್ಲಗೆ ಮೇಲೆ ಬರುತ್ತದೆ. ಶಿಲಾಹಾರರು ಆ ರಾಷ್ಟ್ರಕೂಟರ ಸಾಮಂತರು. ಕಾನ್ಹೇರಿ ಗುಹೆಯ 843ರ ಬರಹದಲ್ಲಿ ಅಮೋಘವರ್ಷನ ಹೆಸರಿನ ಕೆಳಗೆ ಶಿಲಾಹಾರ ಪುಲ್ಲಶಕ್ತಿ ತನ್ನ ಹೆಸರು ಹಾಕಿಸಿದ್ದಾನೆ. ಕನ್ನಡ ನೆಲದಿಂದಲೇ ಈ ಕಡಲಂಚಿಗೆ ಬಂದವರು ಎಂಬುದಕ್ಕೆ ಅವರ ಸಂಸ್ಕೃತ ಶಾಸನಗಳ ನಡುವೆ ಹಠಾತ್ತನೆ ಎದುರಾಗುವ ‘ನನ್ನಿಸಮುದ್ರ’ದಂಥ ಬಿರುದುಗಳೇ ಸಾಕು. ನನ್ನಿ ಎಂದರೆ ಸತ್ಯ. ಸತ್ಯದ ಸಮುದ್ರ! ಇರಲಿ.

ಮೊದಲನೆಯದು ಸಂಜಾಣದ್ದು, ಅಮೋಘವರ್ಷ ನೃಪತುಂಗನ 871ರ ಶಾಸನ. ಶಾಸನ ಸಿಕ್ಕ ಕಾಲಕ್ಕೆ ಸಂಜಾಣ ಥಾಣೆ ಜಿಲ್ಲೆಯ ಮೂಲೆ, ಈಗ ಗುಜರಾತ್. ಲೋಕಕ್ಕೆ ಬಂದ ಕೇಡು ತಪ್ಪಿಸಲು ಅಮೋಘವರ್ಷ ತನ್ನ ಎಡಗೈ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಒಪ್ಪಿಸಿದ ಎಂಬ ಪ್ರಸಿದ್ಧ ಮಾತು ಬರುವುದು ಇದರಲ್ಲೇ. ಅವನು 814ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಬಾಲಕ. ಸಾಮಂತರು, ಮಂತ್ರಿಗಳು, ಸ್ವಂತ ನೆಂಟರು ಸೇರಿ ಕೆಳಗಿಳಿಸಿದ್ದರು. ಗುಜರಾತಿನ ಶಾಖೆಯ ದಾಯಾದಿ ಕರ್ಕ ನಿಷ್ಠೆಯಿಂದ ನಿಂತು ಮತ್ತೆ ಕೂರಿಸಿದ. ಇಂಥ ಮನೆಯಲ್ಲಿ ಬೆಳೆದವನ ಶಾಸನಕವಿ ಒಂದು ಕಡೆ ಗುಪ್ತವಂಶದ ದೊರೆಯೊಬ್ಬನನ್ನು ಚುಚ್ಚುತ್ತಾನೆ. ಅಣ್ಣನನ್ನು ಕೊಂದು ರಾಜ್ಯವನ್ನೂ ರಾಣಿಯನ್ನೂ ತೆಗೆದುಕೊಂಡವನು, ಲಕ್ಷ ಕೊಟ್ಟರೆ ಕೋಟಿ ಎಂದು ಬರೆಸಿದವನು, ಅವನೂ ಕಲಿಯುಗದಲ್ಲಿ ದಾನಿಯಂತೆ ಎಂಬ ಧಾಟಿ. ನಮ್ಮ ಅರಸ ಹಾಗಲ್ಲ, ಇದ್ದ ದೇಹವನ್ನೇ ಕೊಟ್ಟವನು ಎಂದು ಹೊಗಳಲು ಇಷ್ಟು ಪೀಠಿಕೆ. ರಾಮಗುಪ್ತ-ಚಂದ್ರಗುಪ್ತರ ಕಥೆಗೆ ಇದನ್ನು ಒಂದು ಸಾಕ್ಷಿಯೆಂದು ಇತಿಹಾಸಕಾರರು ಎತ್ತಿ ಹಿಡಿಯುತ್ತಾರೆ. ನನಗೆ ಕುತೂಹಲ ಇನ್ನೊಂದು ಕಾರಣಕ್ಕೆ. ಬೇರೆ ಮನೆಯ ಭ್ರಾತೃಹತ್ಯೆಯನ್ನು ಹೀಗೆ ತಾಮ್ರದ ಮೇಲೆ ಆಡಿಕೊಂಡ ಮನೆಯಲ್ಲೇ ಅರವತ್ತು ವರ್ಷ ಕಳೆಯುವುದರೊಳಗೆ ಅದೇ ಮಾತನ್ನು ತಿರುಚಿ ಬರೆಸುವ ಪ್ರಸಂಗ ಬಂತು.

ಎರಡನೆಯದು ಡಹಾಣೂ ಹತ್ತಿರದ ಚಿಂಚಣಿಯದ್ದು, ಅಮೋಘವರ್ಷನ ಮರಿಮಗ ಮೂರನೇ ಇಂದ್ರನ ಕಾಲದ 926ರ ಶಾಸನ. ಇದರಲ್ಲಿ ಕೊಲೆಯ ಸುಳಿವಿಲ್ಲ. ಸಂಜಾಣದ ಮೇಲೆ ರಾಷ್ಟ್ರಕೂಟರು ನೇಮಿಸಿದ್ದ ಅರಬ ಅಧಿಕಾರಿ ಮಧುಮತಿ ಸುಗತಿಪ (ಮಧುಮತಿ ಎಂದರೆ ಮಹಮ್ಮದ್ ಎಂಬುದು ವಿದ್ವಾಂಸರ ಓದು) ಹೊಳೆ ದಾಟಲು ಕಾಸಿಲ್ಲದ ದೋಣಿ ಇಡಿಸಿದ, ದಾರಿಹೋಕರಿಗೆ ಸಣ್ಣಕ್ಕಿ ಅನ್ನ, ಪಲ್ಯ, ತುಪ್ಪ ಬಡಿಸುವ ಛತ್ರ ನಡೆಸಿದ ಎಂದಿದೆ. ಆ ಸಾವಿಗೆ ಒಂದೆರಡು ವರ್ಷ ಮೊದಲಿನ ರಾಜ್ಯ ಇದು: ಕನ್ನೋಜಿನವರೆಗೆ ಹೋಗಿಬಂದ ಸೇನೆ, ಬಂದರುಗಳಲ್ಲಿ ಅರಬರ ಹಡಗು, ಛತ್ರದಲ್ಲಿ ತುಪ್ಪ. ಇಂದ್ರ ಬಹಳ ವರ್ಷ ಬದುಕಲಿಲ್ಲ. ಹಿರಿಯ ಮಗ ಎರಡನೇ ಅಮೋಘವರ್ಷ ಪಟ್ಟಕ್ಕೆ ಬಂದ. ಕೂಡಲೇ ಎಂಬಂತೆ ಸತ್ತ. ತಮ್ಮ ನಾಲ್ಕನೇ ಗೋವಿಂದ ಅರಸನಾದ. ಜನ ಕರೆಯುತ್ತಿದ್ದ ಹೆಸರು ಗೊಜ್ಜಿಗ.

ಈಗ ಗೊಜ್ಜಿಗನ ಸ್ವಂತ ಕಾಗದಗಳನ್ನು ನೋಡಿ. ಖಂಬಾತಿನಲ್ಲಿ ಸಿಕ್ಕ 930ರದ್ದು, ಸಾಂಗ್ಲಿಯಲ್ಲಿ ಸಿಕ್ಕ 933ರದ್ದು. ಅಣ್ಣನ ಉತ್ತರಾಧಿಕಾರಿ ತಾನು ಎನ್ನುವ ಬದಲು ನೇರ ಅಪ್ಪ ಇಂದ್ರನ ಪಾದವನ್ನೇ ಧ್ಯಾನಿಸುತ್ತಾನೆ, ನಡುವಿನ ಅಮೋಘವರ್ಷ ಅಲ್ಲಿ ಇಲ್ಲ. ಆದರೆ ಹೊಗಳಿಕೆಯ ಶ್ಲೋಕವೊಂದರಲ್ಲಿ ಅಣ್ಣ ಬೇರೆ ಬಾಗಿಲಿನಿಂದ ಒಳಗೆ ಬಂದುಬಿಡುತ್ತಾನೆ. ಶ್ಲೋಕದ ಸಾರಾಂಶ ಇಷ್ಟು: ಕೈಯಲ್ಲಿ ಶಕ್ತಿ ಇದ್ದರೂ ನಮ್ಮ ದೊರೆ ಅಣ್ಣನ ಮೇಲೆ ಕ್ರೌರ್ಯ ತೋರಿಸಲಿಲ್ಲ, ಬಂಧುಗಳ ಹೆಂಡಿರನ್ನು ಕೂಡಿ ಕೆಟ್ಟ ಹೆಸರು ತಂದುಕೊಳ್ಳಲಿಲ್ಲ, ಹೆದರಿ ಪಿಶಾಚಿಯ ನಡತೆಗೆ ಇಳಿಯಲಿಲ್ಲ, ದಾನದಿಂದಲೂ ಸಾಹಸದಿಂದಲೂ ‘ಸಾಹಸಾಂಕ’ನಾದ. ಸಾಹಸಾಂಕ ಎಂದರೆ ಅದೇ ಗುಪ್ತ ದೊರೆ. ಅವನ ಗುಣವೆಲ್ಲ ಇವನಲ್ಲಿದೆ, ಅವನ ಮೂರು ಕಳಂಕ ಮಾತ್ರ ಇಲ್ಲ ಎಂದು ಕವಿಯ ಚಮತ್ಕಾರ. ದಾನದ ಲೆಕ್ಕವೂ ಸಣ್ಣದಲ್ಲ: ಬ್ರಾಹ್ಮಣರಿಗೆ 600 ಅಗ್ರಹಾರ, ದೇವಾಲಯಗಳಿಗೆ 800 ಹಳ್ಳಿ ಎಂದು ಖಂಬಾತಿನ ಶಾಸನ. ಮುತ್ತಜ್ಜನ ಅಪ್ಪ ಲಕ್ಷ-ಕೋಟಿಯ ದಾನಿಯನ್ನು ಗೇಲಿ ಮಾಡಿಸಿದ್ದ. ಮರಿಮಗನ ಮಗ ಆ ದಾನಿಯ ಬಿರುದನ್ನೇ ತಲೆಗೆ ಕಟ್ಟಿಕೊಂಡ.

ಯಾರೂ ಕೇಳದೆ ಇದ್ದರೆ ಒಬ್ಬ ಅರಸ ‘ನಾನು ಅಣ್ಣನಿಗೆ ಏನೂ ಮಾಡಿಲ್ಲ’ ಎಂದು ತಾಮ್ರದ ಮೇಲೆ ಕೊರೆಸುತ್ತಾನೆಯೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಮಾತು ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ. ಆದರೂ ಹೆಗಲು ಮುಟ್ಟಿಕೊಂಡದ್ದೇ ಕಳ್ಳತನಕ್ಕೆ ರುಜುವಾತಾಗುವುದಿಲ್ಲ. ಆ ಶ್ಲೋಕ ಕವಿಯ ಹೋಲಿಕೆಯಷ್ಟೇ ಇರಬಹುದಿತ್ತು, ಗೊಜ್ಜಿಗನ ನಂತರ ಬಂದವರ ಕಾಗದಗಳು ಇಲ್ಲದಿದ್ದರೆ.

ವಾರ್ಧಾ ಹತ್ತಿರದ ದೇವಳಿಯಲ್ಲಿ ಸಿಕ್ಕ ಮೂರನೇ ಕೃಷ್ಣನ 940ರ ಶಾಸನ ಬಹಳ ನಯವಾಗಿ ಮಾತಾಡುತ್ತದೆ. ಅಮೋಘವರ್ಷ ತಂದೆಯ ಹಿಂದೆಯೇ ಸ್ವರ್ಗಕ್ಕೆ ಹೋದ, ತಂದೆಯ ಮೇಲಿನ ಪ್ರೀತಿಯಿಂದಲೋ ಎಂಬಂತೆ. ಆ ‘ಎಂಬಂತೆ’ಯನ್ನು ಗಮನಿಸಬೇಕು. ಸಂಸ್ಕೃತದ ಉತ್ಪ್ರೇಕ್ಷಾಲಂಕಾರ ಎಷ್ಟು ಕೆಲಸಕ್ಕೆ ಬರುತ್ತದೆ! ಕಾರಣ ಹೇಳಿದಂತೆಯೂ ಆಯಿತು, ಹೇಳಲಿಲ್ಲ ಎಂದೂ ಆಯಿತು. ಗೊಜ್ಜಿಗನ ಬಗ್ಗೆ ಮಾತ್ರ ನಯವಿಲ್ಲ. ಹೆಣ್ಣುಗಳ ಕಣ್ಣಿನ ಪಾಶಕ್ಕೆ ಬುದ್ಧಿ ಸಿಕ್ಕಿಬಿದ್ದು, ದುರ್ನಡತೆಯಿಂದ ಎಲ್ಲರ ಮನಸ್ಸು ಕೆಡಿಸಿ, ಮೈ ಸವೆದು ಹಾಳಾದ ಎಂದು ನೇರ ಹೊಡೆತ. ಇದನ್ನು ಬರೆಸಿದವನ ಅಪ್ಪ ಗೊಜ್ಜಿಗನನ್ನು ಕೆಳಗಿಳಿಸಿ ಪಟ್ಟಕ್ಕೆ ಬಂದವನು ಎಂಬುದನ್ನೂ ಮರೆಯಬಾರದು. ಗೆದ್ದವರ ಮನೆಯ ಸಾಕ್ಷಿ.

ರೋಮಿನಲ್ಲೂ ಒಂದು ಅಣ್ಣತಮ್ಮಂದಿರ ಜೋಡಿ. 211ರ ಡಿಸೆಂಬರಿನಲ್ಲಿ ಕ್ಯಾರಕಲ್ಲಾ ತನ್ನ ತಮ್ಮ ಗೇಟಾನನ್ನು ತಾಯಿಯ ಮಡಿಲಲ್ಲೇ ಕೊಲ್ಲಿಸಿದ. ಆಮೇಲೆ ಸಾಮ್ರಾಜ್ಯದ ಉದ್ದಗಲಕ್ಕೂ ಗೇಟಾನ ಹೆಸರನ್ನು ಉಳಿಯಿಂದ ಕೆತ್ತಿ ತೆಗೆದರು. ರೋಮಿನ ಫೋರಮ್ಮಿನಲ್ಲಿರುವ ಅವರ ಅಪ್ಪನ ಕಮಾನಿನ ಮೇಲೆ ಆ ಗಾಯ ಇನ್ನೂ ಕಾಣುತ್ತದೆ. ಮನೆಮಂದಿಯೆಲ್ಲ ಇರುವ ಒಂದು ಬಣ್ಣದ ಚಿತ್ರದಲ್ಲಿ ಆ ಹುಡುಗನ ಮುಖ ಮಾತ್ರ ಉಜ್ಜಿಹೋಗಿದೆ. ಅಳಿಸಿದ ಜಾಗವೇ ದೊಡ್ಡದಾಗಿ ಕಾಣುವುದು ಆ ವಿಧಾನದ ದೋಷ. ನಮ್ಮವರು ಅಳಿಸುವ ಗೋಜಿಗೆ ಹೋಗಲಿಲ್ಲ. ಹೊಸ ಹಲಗೆ ಬರೆಸಿದರು.

ಮೂರನೆಯ ಕಾಗದಕ್ಕಾಗಿಯೇ ನಾನು ಇಷ್ಟು ದೂರ ಬಂದದ್ದು. ಭಿವಂಡಿ ಕಡೆ ಸಿಕ್ಕ, ಭಾದಾನ ಶಾಸನ ಎಂದು ಹೆಸರಾದ ಶಿಲಾಹಾರ ಅಪರಾಜಿತನ ತಾಮ್ರಪಟ, 997ನೇ ಇಸವಿಯದ್ದು. ಕೀಲ್‌ಹಾರ್ನ್ ಅದನ್ನು ಓದಿ ಪ್ರಕಟಿಸಿದ. ಥಾಣೆಯಿಂದ ಹೊರಡಿಸಿದ್ದು, ಲವಣತಟದ, ಎಂದರೆ ಇಂದಿನ ಲೋನಾಡಿನ, ಲೋಣಾದಿತ್ಯ ದೇವರಿಗೆ ಭಾದಾನ ಗ್ರಾಮ ದಾನ. ಕಲ್ಯಾಣದಿಂದ ಲೋನಾಡಿಗೆ ಹೋಗುವ ದಾರಿಯಲ್ಲಿ ಈಗ ಗೋದಾಮುಗಳ ಸಾಲು, ಆನ್‌ಲೈನಿನಲ್ಲಿ ನೀವು ತರಿಸುವ ಮಿಕ್ಸರು, ಚಪ್ಪಲಿಗಳೆಲ್ಲ ಇಲ್ಲಿಂದಲೇ ಹೊರಡುವುದು. ಕಂಟೇನರ್ ಲಾರಿಗಳ ಹಿಂದೆ ಸಿಕ್ಕಿಹಾಕಿಕೊಂಡರೆ ಶಾಸನದ ಬಗ್ಗೆ ಯೋಚಿಸಲು ಧಾರಾಳ ಸಮಯ ಸಿಗುತ್ತದೆ.

ಈ ಸಾಮಂತ ತನ್ನ ವಂಶಾವಳಿಗೆ ಮೊದಲು ರಾಷ್ಟ್ರಕೂಟರ ಪೂರ್ತಿ ವಂಶಾವಳಿ ಕೊಡುತ್ತಾನೆ. ಕೊಡಬೇಕಾದ ಯಾವ ಒತ್ತಾಯವೂ ಇರಲಿಲ್ಲ. 973ರಲ್ಲಿ ಚಾಳುಕ್ಯ ತೈಲಪ ಕೊನೆಯ ಅರಸ ಕಕ್ಕಲನನ್ನು ಉರುಳಿಸಿ ಇಪ್ಪತ್ತನಾಲ್ಕು ವರ್ಷ ಕಳೆದಿತ್ತು. ರಟ್ಟರಾಜ್ಯ, ಅಂದರೆ ರಾಷ್ಟ್ರಕೂಟರ ರಾಜ್ಯ, ಈಗ ನೆನಪು ಮಾತ್ರ ಎಂದು ಅಪರಾಜಿತ ಹಲುಬುತ್ತಾನೆ. ಆ ಪಟ್ಟಿಯಲ್ಲಿ ಇಂದ್ರನ ನಂತರ ಸುಮ್ಮನೆ ಹೀಗಿದೆ: ಅಮೋಘವರ್ಷ ಒಂದು ವರ್ಷ ಆಳಿದ. ಆಮೇಲೆ ಅವನ ತಮ್ಮ ಗೋವಿಂದ.

ತಂದೆಯ ಮೇಲಿನ ಪ್ರೀತಿ ಇಲ್ಲ, ಕ್ರೌರ್ಯವಿಲ್ಲ, ಪಿಶಾಚಿಯಿಲ್ಲ. ಒಂದು ವರ್ಷ, ಅಷ್ಟೇ. ಪಟ್ಟವೇ ಕಟ್ಟಿಸಿಕೊಳ್ಳದವನಂತೆ ತಮ್ಮ ದಾಟಿಸಿಬಿಟ್ಟವನನ್ನು, ಪಟ್ಟದ ಜೊತೆಗೇ ಸ್ವರ್ಗಕ್ಕೆ ಹೋದವನಂತೆ ದಾಯಾದಿ ಮುಗಿಸಿಬಿಟ್ಟವನನ್ನು, ಥಾಣೆಯ ಒಬ್ಬ ಸಾಮಂತ ಎಪ್ಪತ್ತು ವರ್ಷದ ಮೇಲೆ ತನ್ನ ಸ್ಥಾನದಲ್ಲಿ ಮತ್ತೆ ಕೂರಿಸಿದ. ಅವನಿಗೆ ಮೆಚ್ಚಿಸಬೇಕಾದ ಒಡೆಯ ಉಳಿದಿರಲಿಲ್ಲ, ಹೆದರಬೇಕಾದವನೂ ಆ ಮನೆಯಲ್ಲಿ ಉಳಿದಿರಲಿಲ್ಲ. ಮೂವರಲ್ಲಿ ಯಾರ ಮಾತು ನಂಬುತ್ತೀರಿ ಎಂದು ಕೇಳಿದರೆ ನಾನು ಸತ್ತ ಧಣಿಯ ಲೆಕ್ಕ ಒಪ್ಪಿಸುವ ಈ ಗುಮಾಸ್ತನನ್ನೇ ಆರಿಸುತ್ತೇನೆ. ಅಲ್ತೇಕರರಂಥ ಇತಿಹಾಸಕಾರರು ಈ ಎಲ್ಲ ತುಣುಕುಗಳನ್ನು ಜೋಡಿಸಿ, ತಮ್ಮನ ಕೈವಾಡದಿಂದಲೇ ಅಣ್ಣ ಸತ್ತಿರಬೇಕು ಎಂಬ ಕಡೆಗೆ ವಾಲುತ್ತಾರೆ. ಕೊಂದ ಎಂದು ಬಾಯಿಬಿಟ್ಟು ಹೇಳುವ ಒಂದೇ ಒಂದು ಹಲಗೆ ಇಲ್ಲ.

ಗೊಜ್ಜಿಗನ ಕೊನೆಯನ್ನು ಹೇಳುವವನು ಮಾತ್ರ ನಮಗೆಲ್ಲ ಗೊತ್ತಿರುವ ಕವಿ. ಪಂಪ. ವೇಮುಲವಾಡದ ಅರಿಕೇಸರಿ ಅವನ ಆಶ್ರಯದಾತ. ಗೊಜ್ಜಿಗನ ಸಿಟ್ಟಿಗೆ ಗುರಿಯಾಗಿ ಓಡಿಬಂದ ಚಾಳುಕ್ಯ ವಿಜಯಾದಿತ್ಯನನ್ನು ಈ ಅರಿಕೇಸರಿ ಬಿಟ್ಟುಕೊಡಲಿಲ್ಲ. ಚಕ್ರವರ್ತಿಯ ಅಪ್ಪಣೆ ಹೊತ್ತು ಮೇಲೆ ಬಿದ್ದ ಮಹಾಸಾಮಂತರನ್ನು ಸೋಲಿಸಿದ. ನಂಬಿ ಬಂದ ಬದ್ದೆಗನಿಗೆ ಸಾಮ್ರಾಜ್ಯ ದೊರಕಿಸಿದ. ಬದ್ದೆಗ ಅಂದರೆ ಮೂರನೇ ಅಮೋಘವರ್ಷ, ಇಂದ್ರನ ಮಲತಾಯಿಯ ಮಗ, ಗೊಜ್ಜಿಗನ ಚಿಕ್ಕಪ್ಪ. ಕಲಚುರಿಗಳ ಮನೆಯಲ್ಲಿ ಹೆಣ್ಣು ತಂದಿದ್ದವನು. 935ರ ಆಸುಪಾಸಿನ ಈ ಕ್ಷಿಪ್ರಕ್ರಾಂತಿಯ ವರದಿ ‘ವಿಕ್ರಮಾರ್ಜುನ ವಿಜಯ’ದ ಒಳಗಿದೆ. 941ರ ಆ ಕಾವ್ಯ ನೆತ್ತರಿನ ಹಸಿ ಆರುವ ಮೊದಲೇ ಬಂದಂತೆ. ದಾಯಾದಿಗಳ ಯುದ್ಧದ ಭಾರತವನ್ನೇ ಪಂಪ ಆರಿಸಿಕೊಂಡದ್ದನ್ನು, ಅದರಲ್ಲಿ ಅರಿಕೇಸರಿಯನ್ನು ಅರ್ಜುನನಾಗಿ ನಿಲ್ಲಿಸಿದ್ದನ್ನು ನಾವು ಕಾಲೇಜಿನಲ್ಲಿ ಅಲಂಕಾರಶಾಸ್ತ್ರದ ಪ್ರಶ್ನೆಯಾಗಿ ಓದಿದೆವು. ಆಸ್ಥಾನದಲ್ಲಿ ಕೂತು ಕೇಳಿದವರಿಗೆ ಅದು ನಿನ್ನೆಮೊನ್ನೆಯ ರಾಜಕೀಯ.

ತಾಮ್ರದ ಸಂಸ್ಕೃತ ಹೀಗೆ ಸುತ್ತಿಬಳಸಿದರೆ ಕಲ್ಲಿನ ಕನ್ನಡಕ್ಕೆ ಅಷ್ಟು ಸಂಕೋಚವಿಲ್ಲ. ಬದ್ದೆಗನ ಮಗಳು ರೇವಕನಿಮ್ಮಡಿಯನ್ನು ಮದುವೆಯಾದ ಗಂಗರ ಬೂತುಗ, ರಾಚಮಲ್ಲನನ್ನು ಕೊಂದು ಗಂಗವಾಡಿ ಹಿಡಿದ. ದೇವಳಿಯ ಶಾಸನ ಇದನ್ನು ವಿಷವೃಕ್ಷ ಕಿತ್ತು ಹೊಸ ಸಸಿ ನೆಟ್ಟಂತೆ ಎಂದು ತೋಟಗಾರಿಕೆ ಮಾಡಿಬಿಡುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನಲ್ಲಿ ಅದೇ ಸಂಗತಿ ಕಾದಿ ಕೊಂದು ಆಳುತ್ತಿದ್ದಾನೆ ಎಂದು ನೇರವಾಗಿ ಇದೆ. ಅದೇ ಕಲ್ಲಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಜಾಗ ಸಿಕ್ಕಿದೆ.

ಇನ್ನು ಶಿಲಾಹಾರರ ಸ್ವಂತ ಮನೆ. ಅಪರಾಜಿತ ರಟ್ಟರಿಗಾಗಿ ಕಣ್ಣೀರಿಟ್ಟದ್ದಕ್ಕೆ ಬೆಲೆ ತೆರಬೇಕಾಯಿತು. ತೈಲಪನ ಮಗ ಸತ್ಯಾಶ್ರಯ ಕೊಂಕಣಕ್ಕೆ ನುಗ್ಗಿದಾಗ ಒಂದು ಕಡೆ ಕಡಲು, ಇನ್ನೊಂದು ಕಡೆ ಸೇನೆ. ಎರಡೂ ತುದಿಗೆ ಬೆಂಕಿ ಹತ್ತಿದ ಕಡ್ಡಿಯ ಮೇಲಿನ ಹುಳುವಿನಂತೆ ಅಪರಾಜಿತ ಒದ್ದಾಡಿದ ಎಂದು ರನ್ನ ‘ಗದಾಯುದ್ಧ’ದಲ್ಲಿ ಚಿತ್ರಿಸುತ್ತಾನೆ. ಥಾಣೆಯ ದೊರೆಯೊಬ್ಬ ಹಳಗನ್ನಡದ ಮಹಾಕಾವ್ಯದಲ್ಲಿ ಹೀಗೆ ಹುಳುವಾಗಿ ಉಳಿದಿದ್ದಾನೆ.

ಅವನ ಮೊಮ್ಮಕ್ಕಳ ತಲೆಮಾರಿನಲ್ಲಿ ಮೂವರು ಅಣ್ಣತಮ್ಮಂದಿರು ಒಬ್ಬರ ಹಿಂದೊಬ್ಬರು ಆಳಿದರು: ಛಿತ್ತರಾಜ, ನಾಗಾರ್ಜುನ, ಮುಮ್ಮುಣಿ. ಅಂಬರನಾಥದ ದೇವಸ್ಥಾನ ಇವರದು. ಡೊಂಬಿವಲಿಯಿಂದ ಕರ್ಜತ್ ಲೋಕಲ್ ಹತ್ತಿದರೆ ಕೆಲವೇ ನಿಮಿಷ. ಪಕ್ಕದಲ್ಲಿ ಕಪ್ಪಗೆ ಹರಿಯುವ ವಾಲಧುನಿ ನದಿ, ಮೂಗು ಮುಚ್ಚಿಕೊಂಡೇ ಕೆತ್ತನೆ ನೋಡಬೇಕು. ಗರ್ಭಗುಡಿಗೆ ಮೆಟ್ಟಿಲಿಳಿದು ಹೋಗಬೇಕು. ಒಳಗೆ ತಂಪು, ಒದ್ದೆ, ಬಿಲ್ವಪತ್ರೆ ಕೊಳೆತ ವಾಸನೆ. ಉತ್ತರದ ಬಾಗಿಲ ತೊಲೆಯ ಒಳಬದಿಗೆ ಒಂದು ಬರಹವಿದೆ: ಶಕ 982, ಅಂದರೆ 1060-61. ಆಳುತ್ತಿರುವವನು ಮುಮ್ಮುಣಿ, ಕಟ್ಟಡಕ್ಕೆ ಇರುವ ಹೆಸರು ಅಣ್ಣ ಛಿತ್ತರಾಜನದು. ಅಲ್ಲಿ ನಿಂತು ನಾನು ಯೋಚಿಸಿದ್ದು, ಅಣ್ಣನ ಹೆಸರನ್ನು ಬಿಟ್ಟುಬಿಡಬಹುದಾಗಿದ್ದ ತಮ್ಮ ಬಿಡಲಿಲ್ಲವಲ್ಲ ಎಂದು.

ಮುಮ್ಮುಣಿಯ ಸೌಜನ್ಯಕ್ಕೆ ಇನ್ನೊಂದು ಸಾಕ್ಷಿ ನಮ್ಮ ಧಾರವಾಡದ ಪಕ್ಕದ ನರೇಂದ್ರ ಗ್ರಾಮದ ಶಾಸನದಲ್ಲಿದೆ. ಗೋವೆಯ ಕದಂಬ ಷಷ್ಠದೇವ ಹಡಗೇರಿ ಬಂದಾಗ ಥಾಣೆಯ ಮುಮ್ಮುಣಿ (ಶಾಸನದಲ್ಲಿ ಮುಮ್ಮುರಿ) ತಾನೇ ಎದುರುಗೊಂಡು ಅರಮನೆಗೆ ಕರೆತಂದು, ಮಗಳನ್ನು ಧಾರೆಯೆರೆದು, ಐದು ಲಕ್ಷ ಹೊನ್ನು ಕೊಟ್ಟ. ಷಷ್ಠದೇವನ ಮಗ ಜಯಕೇಶಿ. ಬೆಳಗಾವಿ ಜಿಲ್ಲೆಯ ದೇಗಾಂವಿಯ ಕದಂಬ ಶಾಸನದಲ್ಲಿ ಈ ಜಯಕೇಶಿಯ ಸಾಧನೆಗಳ ಪಟ್ಟಿಯಿದೆ. ಅದರಲ್ಲಿ ಒಂದು: ಕಪರ್ದಿಕಾದ್ವೀಪದ ಅರಸನನ್ನು ಕೊಂದದ್ದು. ಕಪರ್ದಿಕಾದ್ವೀಪ, ಕನ್ನಡದ ಬಾಯಲ್ಲಿ ಕವಡಿದ್ವೀಪ, ಎಂದರೆ ಇದೇ ಥಾಣೆಯ ಸೀಮೆ. ಹೆಣ್ಣು ಕೊಟ್ಟ ಮನೆಗೆ ಬಂದ ಮರು ಉಡುಗೊರೆ.

ಆ ಹೊಡೆತದ ಮೇಲೆ ಮನೆಯೊಳಗೂ ಬಿರುಕು. ನಾಗಾರ್ಜುನನ ಮಗ ಅನಂತದೇವನ 1094ರ ಖಾರೇಪಾಟಣ ಶಾಸನ ದಾಯಾದಿಗಳ ಹಗೆಯಿಂದ ಬಂದ ಸಂಕಟವನ್ನೂ, ಆ ಹೊತ್ತಿಗೆ ಕೊಂಕಣವನ್ನು ಸೂರೆ ಮಾಡಿದ ಪರಕೀಯರನ್ನೂ ಒಟ್ಟಿಗೆ ನೆನೆಯುತ್ತದೆ. ಶಾಸನ ಬಳಸುವ ಮಾತೂ ‘ದಾಯಾದ’ವೇ. ಒಂಬೈನೂರು ವರ್ಷದಲ್ಲಿ ಸವೆಯದೆ ಉಳಿದ ಶಬ್ದ, ಯಾವ ಕೋರ್ಟಿನ ವರಾಂಡದಲ್ಲೂ ಕೇಳಬಹುದು. ಅದಾಗಿ ಮೂವತ್ತು ವರ್ಷಕ್ಕೆ ಛಿತ್ತುಕ್ಕ ಎಂಬವನೊಬ್ಬ ಎದ್ದು ಸಾಮಂತರನ್ನೆಲ್ಲ ಸೆಳೆದುಕೊಂಡ. ಆಗಿನ ಶಿಲಾಹಾರ ದೊರೆ ಅಪರಾದಿತ್ಯ ಒಂಟಿಯಾಗಿ, ಒಂದು ಕುದುರೆ, ಒಂದು ಕತ್ತಿ ಹಿಡಿದು ಹೊರಟು ಅವನನ್ನು ಓಡಿಸಿದ ಎಂದು 1127ರ ವಡವಲಿ ಶಾಸನ. ಒಂದೇ ಕುದುರೆಯನ್ನು ನಾನು ನಂಬಲಾರೆ, ಆದರೆ ಸಾಮಂತರು ಬಿಟ್ಟುಹೋದದ್ದನ್ನು ನಂಬುತ್ತೇನೆ. ಮುಂದೆ ಇದೇ ಮನೆಯ ಮಲ್ಲಿಕಾರ್ಜುನನ ತಲೆ ಗುಜರಾತಿನ ಕುಮಾರಪಾಲನ ಸಭೆಗೆ ಹೋಯಿತೆಂದು ಮೇರುತುಂಗ ಬರೆದ. ಕೊನೆಯವನು ಸೋಮೇಶ್ವರ, ನವಿಮುಂಬಯಿಯ ಆಚೆ ಉರಣದ ಹತ್ತಿರ ರಾನವಡ, ಚಾಂಜೆಗಳಲ್ಲಿ ಅವನ 1259-60ರ ಶಾಸನಗಳಿವೆ. ದೇವಗಿರಿಯ ಸೇವುಣ ಮಹಾದೇವನಿಗೆ ಸೋತು ಅವನು ಸಮುದ್ರದ ಪಾಲಾದ.

ಸೇವುಣರ ಕಥೆಯಲ್ಲಿ ಒಂದು ರಾತ್ರಿ ಮಾತ್ರ ಬಿಡಲಾಗದು. ಮಹಾದೇವ ತನ್ನ ಅಣ್ಣನ ಮಗ ರಾಮಚಂದ್ರನನ್ನು ದಾಟಿ ಸ್ವಂತ ಮಗ ಅಮ್ಮಣನಿಗೆ ಪಟ್ಟ ಬಿಟ್ಟು ಸತ್ತ. 1271ರಲ್ಲಿ ರಾಮಚಂದ್ರ ನರ್ತಕರ ಮೇಳದ ವೇಷದಲ್ಲಿ ದೇವಗಿರಿ ಕೋಟೆ ಹೊಕ್ಕ. ಅಮ್ಮಣನಿಗೆ ನೃತ್ಯದ ಹುಚ್ಚು. ಆಟ ರಂಗೇರಿದ ಹೊತ್ತಿಗೆ ನರ್ತಕರ ಕೈಗೆ ಆಯುಧ ಬಂತು. ಅಮ್ಮಣನ ಕಣ್ಣು ಹೋಯಿತು, ಪಟ್ಟವೂ ಹೋಯಿತು. ರಾಮಚಂದ್ರನ ಕಾಲದ ಎರಡು ತಾಮ್ರಪಟಗಳು, 1272 ಮತ್ತು 1290ರವು, ಸಿಕ್ಕಿದ್ದು ಮತ್ತೆ ಇದೇ ಥಾಣೆಯಲ್ಲಿ.

ಕೋಟೆಗೆ ವಾಪಸಾಗೋಣ. 1774ರಲ್ಲಿ ಇಂಗ್ಲಿಷರು ಇದರ ಮೇಲೆ ಬಿದ್ದದ್ದಕ್ಕೂ ಒಂದು ಮನೆಕೊಲೆಯೇ ದಾರಿ ಮಾಡಿತು. ಹಿಂದಿನ ವರ್ಷ ಆಗಸ್ಟ್ 30ರಂದು ಪುಣೆಯ ಶನಿವಾರವಾಡೆಯಲ್ಲಿ ಹದಿನೆಂಟರ ಪೇಶ್ವೆ ನಾರಾಯಣರಾಯನನ್ನು ಗಾರ್ದಿಗಳು ಕತ್ತರಿಸಿದ್ದರು. ಚಿಕ್ಕಪ್ಪ ರಾಘೋಬಾ ಬರೆದ ‘ಧರಾವೇ’ಯನ್ನು ಚಿಕ್ಕಮ್ಮ ಆನಂದಿಬಾಯಿ ‘ಮಾರಾವೇ’ ಎಂದು ತಿದ್ದಿದಳೆಂಬುದು ಮರಾಠಿ ಮಕ್ಕಳಿಗೂ ಗೊತ್ತಿರುವ ಕಥೆ; ಹಿಡಿ ಎಂಬುದು ಕೊಲ್ಲು ಎಂದಾಯಿತು. ನ್ಯಾಯಮೂರ್ತಿ ರಾಮಶಾಸ್ತ್ರಿ ರಾಘೋಬಾನನ್ನೇ ಅಪರಾಧಿ ಎಂದ. ಪಟ್ಟ ಜಾರಿದ ರಾಘೋಬಾ ಇಂಗ್ಲಿಷರ ಕಾಲು ಹಿಡಿದ; ಅವರ ಕಣ್ಣು ಥಾಣೆ ಇರುವ ಸಾಷ್ಟಿ ದ್ವೀಪದ ಮೇಲೆ.

ಎರಡನೆಯ ಸಲ ಈ ಕೋಟೆಗೆ ಬಂದದ್ದು ಕೊಲೆಯ ಆರೋಪಿಯೇ. 1815ರ ಜುಲೈನಲ್ಲಿ ಪಂಢರಪುರದಲ್ಲಿ, ಬಡೋದೆಯ ರಾಯಭಾರಿ ಗಂಗಾಧರಶಾಸ್ತ್ರಿ ವಿಠೋಬನ ದರ್ಶನ ಮುಗಿಸಿ ಬರುವಾಗ ಅವನನ್ನು ಕಡಿದು ಹಾಕಿದರು. ಇಂಗ್ಲಿಷರು ರಕ್ಷಣೆಯ ಮಾತು ಕೊಟ್ಟು ಕರೆಸಿದ್ದ ಮನುಷ್ಯ. ಬೆರಳುಗಳೆಲ್ಲ ಪೇಶ್ವೆ ಎರಡನೇ ಬಾಜಿರಾಯನ ಆಪ್ತ ತ್ರಿಂಬಕಜಿ ಡೇಂಗಳೆಯ ಕಡೆಗೆ. ಪೇಶ್ವೆ ಅವನನ್ನು ಒಪ್ಪಿಸಲೇಬೇಕಾಯಿತು. ತಂದು ಇಟ್ಟದ್ದು ಥಾಣೆ ಕೋಟೆಯಲ್ಲಿ. ಸ್ಥಳೀಯ ಸಿಪಾಯಿಗಳನ್ನು ನಂಬುವಂತಿಲ್ಲ ಎಂದು ಕಾವಲಿಗೆ ಬರೀ ಬಿಳಿಯ ಸೈನಿಕರು.

ಅಧಿಕಾರಿಯೊಬ್ಬನ ಕುದುರೆಗೆ ಒಬ್ಬ ಮರಾಠ ಸಾಯಿಸ ಇದ್ದ. ದಿನಾ ಕಿಟಕಿಯ ಕೆಳಗೆ ಕುದುರೆಯ ಮೈ ತಿಕ್ಕುತ್ತ, ಅಡ್ಡಾಡಿಸುತ್ತ ಹಾಡು ಹೇಳಿಕೊಳ್ಳುತ್ತಿದ್ದ. ಯಾವ ಪೊದೆಯಲ್ಲಿ ಬಿಲ್ಲಾಳುಗಳು ಅಡಗಿದ್ದಾರೆ, ಯಾವ ಮರದ ಕೆಳಗೆ ಕುದುರೆ ಕಾದಿದೆ ಎಂಬ ಸುದ್ದಿಯೆಲ್ಲ ಆ ಹಾಡಿನಲ್ಲೇ ಇತ್ತಂತೆ. ಕೆಲ ವರ್ಷದ ಮೇಲೆ ಈ ಕಡೆ ಪ್ರವಾಸ ಬಂದ ಬಿಷಪ್ ಹೀಬರ್ ಇದನ್ನು ಕೇಳಿ ಬರೆದಿಟ್ಟ. ಬಂದೂಕು ಹಿಡಿದ ಕಾವಲುಗಾರನಿಗೆ ಒಂದಕ್ಷರ ಮರಾಠಿ ಬರುತ್ತಿರಲಿಲ್ಲ. 1816ರ ಸೆಪ್ಟೆಂಬರ್ 12ರ ರಾತ್ರಿ ತ್ರಿಂಬಕಜಿ ಗೋಡೆಗೆ ಕೊರೆದ ಕಂಡಿಯಿಂದ ಲಾಯದ ಕಡೆಗೆ ನುಸುಳಿ, ಖಾಡಿ ದಾಟಿ ಹೋದ.

ಅವನನ್ನು ಪೇಶ್ವೆಯೇ ಅಡಗಿಸಿದ್ದಾನೆಂದು ಇಂಗ್ಲಿಷರು ಪುಣೆಯ ಕುತ್ತಿಗೆ ಹಿಡಿದರು. 1817ರ ಜೂನಿನ ಕರಾರಿನಲ್ಲಿ ಬಾಜಿರಾಯ ಬಿಟ್ಟುಕೊಟ್ಟ ಜಾಗಗಳಲ್ಲಿ ಧಾರವಾಡದ ಕೋಟೆಯೂ ಒಂದು. ಅದನ್ನು ವಹಿಸಿಕೊಳ್ಳಲು ಥಾಮಸ್ ಮನ್ರೋ ಬಂದ. ಥಾಣೆಯ ಕಿಟಕಿಯ ಕೆಳಗೆ ಹಾಡಿದ ಸಾಯಿಸನ ಹೆಸರು ಯಾವ ಕಾಗದದಲ್ಲೂ ಇಲ್ಲ.